ಮುಂಜಾನೆ ಹೆಜ್ಜೆ, ಹಗಲು ಶಾಲೆ: ಉಡುಪಿ ಯಕ್ಷಗಾನ ಕೇಂದ್ರದ ಅರ್ಧ ಶತಮಾನ

ದೀಪಾವಳಿ ಕಳೆದ ಮೇಲೆ ಹೊರಡುವ ಮೇಳ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುವುದು ಪತ್ತನಾಜೆಯ ಹೊತ್ತಿಗೆ, ಮೇ ತಿಂಗಳ ಕೊನೆಯ ಭಾಗದಲ್ಲಿ. ಶಾಲೆ ತೆರೆಯುವುದು ಜೂನ್‌ನಲ್ಲಿ, ವಾರ್ಷಿಕ ಪರೀಕ್ಷೆ ಮಾರ್ಚ್‌ ಆಸುಪಾಸಿನಲ್ಲಿ. ಎರಡರ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಯಕ್ಷಗಾನದ ಹಳೆಯ ಕಲಾವಿದರಲ್ಲಿ ಅಷ್ಟೊಂದು ಜನ ಓದು ಅರ್ಧಕ್ಕೇ ಬಿಟ್ಟದ್ದೇಕೆ ಎಂದು ಕೇಳಬೇಕಾಗುವುದಿಲ್ಲ. ಕೋಡಂಗಿಯಾಗಿ ಮೇಳ ಸೇರಿದ ಹುಡುಗ ಬಾಲಗೋಪಾಲ, ಸ್ತ್ರೀವೇಷ, ಪುರುಷವೇಷ ಎಂದು ವರ್ಷವರ್ಷಕ್ಕೂ ಮೇಲೇರಬೇಕು. ರಾತ್ರಿಯಿಡೀ ಆಟ, ಹಗಲು ನಿದ್ದೆ, ಸಂಜೆಗೆ ಮುಂದಿನ ಊರು. ಆ ಬದುಕಿನಲ್ಲಿ ಶಾಲೆಯ ಹಾಜರಿ ಪುಸ್ತಕಕ್ಕೆ ಎಡೆಯಿರಲಿಲ್ಲ. ಕಲೆ ಬೇಕೆಂದವನು ಓದು ಬಿಡಬೇಕು, ಓದು ಬೇಕೆಂದವನು ಕಲೆ ಬಿಡಬೇಕು.

ಉಡುಪಿಯ ಯಕ್ಷಗಾನ ಕೇಂದ್ರ ಮಾಡಿದ ದೊಡ್ಡ ಕೆಲಸವೆಂದರೆ ಈ ಕಟ್ಟನ್ನು ಬಿಡಿಸಿದ್ದು. ಅದರ ಪ್ರದರ್ಶನಗಳ ಬಗ್ಗೆ, ವಿದೇಶ ಪ್ರವಾಸಗಳ ಬಗ್ಗೆ ಬಹಳ ಬರೆದಾಗಿದೆ. ಅಲ್ಲಿ ಕಲಿತವರು ಯಾರು, ಅವರ ಓದಿನ ಗತಿ ಏನಾಯಿತು ಎಂಬುದರ ಬಗ್ಗೆ ಬರೆದದ್ದು ಕಡಿಮೆ. ಈ ಸ್ಮರಣ ಸಂಚಿಕೆಯಲ್ಲಿ ಆ ಮಾತನ್ನೇ ಎತ್ತಿಕೊಳ್ಳುತ್ತೇನೆ.

ಕೇಂದ್ರ ಹುಟ್ಟಿದ್ದು 1971ರಲ್ಲಿ, ಮಹಾತ್ಮ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ. ಆ ಕಾಲೇಜು ಸ್ವತಃ 1949ರಲ್ಲಿ ಡಾ. ಟಿ.ಎಂ.ಎ. ಪೈಯವರ ಯತ್ನದಿಂದ ಆರಂಭವಾದದ್ದು. ಪ್ರಾಂಶುಪಾಲರಾಗಿದ್ದ ಪ್ರೊ. ಕು.ಶಿ. ಹರಿದಾಸ ಭಟ್ಟರ ಉತ್ಸಾಹ, ಶಿವರಾಮ ಕಾರಂತರ ಮಾರ್ಗದರ್ಶನ ಎರಡೂ ಕೂಡಿದ್ದರಿಂದ ಇದು ಸಾಧ್ಯವಾಯಿತು. ಕಾರಂತರು ಆ ಹೊತ್ತಿಗೆ ಯಕ್ಷಗಾನವನ್ನು ದಶಕಗಳ ಕಾಲ ಅಧ್ಯಯನ ಮಾಡಿದ್ದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು. ಹೆಜ್ಜೆ ಕಲಿಸಲು ವೀರಭದ್ರ ನಾಯಕರು, ಹಾಡಿಕೆಗೆ ನೀಲಾವರ ರಾಮಕೃಷ್ಣಯ್ಯನವರು, ಮದ್ದಲೆಗೆ ಹಿರಿಯಡ್ಕ ಗೋಪಾಲ ರಾಯರು. ಮೇಳದಲ್ಲಿ ಪಳಗಿದ ಇಂಥವರನ್ನು ಒಂದು ಕಾಲೇಜು ಗುರುಗಳೆಂದು ಕರೆದು ಕೂರಿಸಿದ್ದು ಅಂದಿನ ದಿನಕ್ಕೆ ಸಣ್ಣ ಸಂಗತಿಯಲ್ಲ. ಪದವಿಯ ಕಾಗದ ಕೇಳದೆ ವಿದ್ಯೆಯನ್ನು ಮಾತ್ರ ನೋಡಿದ ನಿರ್ಧಾರ ಅದು.

ಆಮೇಲೆ ಕೇಂದ್ರ ಇಂದ್ರಾಳಿಯಲ್ಲಿ ನೆಲೆಯೂರಿ ಗುರುಕುಲವಾಗಿ ಬೆಳೆಯಿತು. ಇದರ ಹಿಂದಿನ ಶಕ್ತಿ ಗುರು ಬನ್ನಂಜೆ ಸಂಜೀವ ಸುವರ್ಣರು. ಅವರ ಶಾಲೆಯ ಓದು ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಆದರೂ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳಿಗೆ ಯಕ್ಷಗಾನ ಕಲಿಸಿದವರು ಅವರು. ತಮಗೆ ಸಿಗದ ಶಾಲೆ ತಮ್ಮ ಮಕ್ಕಳಿಗೆ ತಪ್ಪಬಾರದೆಂಬ ಹಠ ಆ ಗುರುಕುಲದ ದಿನಚರಿಯಲ್ಲೇ ಕಾಣುತ್ತದೆ. ಮುಂಜಾನೆ ಹೆಜ್ಜೆಯ ಅಭ್ಯಾಸ, ಹಗಲಿಗೆ ಹತ್ತಿರದ ಶಾಲೆ ಕಾಲೇಜು, ಸಂಜೆ ಮತ್ತೆ ತಾಳ, ಮದ್ದಲೆ, ಮಾತು. ಊಟ, ವಸತಿ ಉಚಿತ.

ಅಲ್ಲಿಗೆ ಬಂದವರು ಯಾರು? ಕಲಾವಿದರ ಮನೆಯ ಮಕ್ಕಳು, ಬಡಗುತಿಟ್ಟಿನ ಊರುಗಳ ಮಕ್ಕಳು ಬರುವುದು ಸಹಜ. ಸೋಜಿಗದ ಸಂಗತಿಯೆಂದರೆ ಘಟ್ಟದಾಚೆಯಿಂದ, ಉತ್ತರ ಕರ್ನಾಟಕದ ಜಿಲ್ಲೆಗಳಿಂದ ಬಂದ ಮಕ್ಕಳು. ಚಂಡೆಯ ಸದ್ದನ್ನೇ ಕೇಳದ ಊರುಗಳವರು, ಬಹುಪಾಲು ಬಡ ಕುಟುಂಬಗಳವರು. ಇವರಿಗೆ ಯಕ್ಷಗಾನ ಒಗ್ಗೀತೇ ಎಂದು ಕೇಳುವವರು ಒಂದು ಮಾತನ್ನು ಮರೆಯುತ್ತಾರೆ. ಉಡುಪಿಯ ಹುಡುಗನ ಮನೆಮಾತು ತುಳುವೋ ಕೊಂಕಣಿಯೋ ಕುಂದಾಪುರದ ಕನ್ನಡವೋ ಆಗಿರುತ್ತದೆ. ವಿಜಯಪುರದ ಹುಡುಗನದು ಬೇರೆಯೇ ಕನ್ನಡ. ಅರ್ಥಗಾರಿಕೆಯ ಗ್ರಾಂಥಿಕ ಕನ್ನಡ ಇಬ್ಬರ ಮನೆಯಲ್ಲೂ ಇಲ್ಲ. ಇಬ್ಬರೂ ಅದನ್ನು ಒಂದನೇ ಪಾಠದಿಂದ ಕಲಿಯಬೇಕು. ರಂಗಸ್ಥಳದಲ್ಲಿ ಯಾವ ಮಗುವಿಗೂ ಹುಟ್ಟಿನ ಅನುಕೂಲವಿಲ್ಲ ಎಂಬುದೇ ಈ ಕಲೆಯ ಶಿಕ್ಷಣದ ಬಲ.

ಕಲಿಕೆಯ ಫಲ ಎಲ್ಲಿ ಕಾಣುತ್ತದೆಂದು ಒಂದು ಉದಾಹರಣೆಯಿಂದ ಹೇಳುತ್ತೇನೆ. ಹೈಸ್ಕೂಲಿನ ಕನ್ನಡದಲ್ಲಿ ಮಕ್ಕಳು ಹೆದರುವ ಪಾಠ ಛಂದಸ್ಸು. ಲಘು ಗುರು ಹಾಕಿ, ಗಣ ವಿಂಗಡಿಸಿ, ಷಟ್ಪದಿ ಯಾವುದೆಂದು ಹೆಸರಿಸಬೇಕು. ಝಂಪೆ ತಾಳದ ಪದಕ್ಕೆ ಕುಣಿದವನಿಗೆ ಐದೈದು ಮಾತ್ರೆಯ ನಡೆ ಕಾಲಿಗೆ ಗೊತ್ತು. ತ್ರಿವುಡೆಗೆ ಕುಣಿದವನಿಗೆ ಮೂರು, ನಾಲ್ಕರ ಕೂಟ ಗೊತ್ತು. ವಾರ್ಧಕ ಷಟ್ಪದಿಯ ಐದು ಮಾತ್ರೆಯ ಗಣವೂ ಭಾಮಿನಿಯ ಮೂರು ಮತ್ತು ನಾಲ್ಕು ಮಾತ್ರೆಯ ಗಣಗಳೂ ಅವನಿಗೆ ಹಲಗೆಯ ಮೇಲಿನ ಗೀಟುಗಳಾಗಿ ಉಳಿಯುವುದಿಲ್ಲ. ಪುರಾಣದ ಪಾತ್ರಗಳು, ಹಳಗನ್ನಡದ ಪದಗಳು, ಎದುರಾಳಿಯ ಮಾತು ಕೇಳಿ ಆ ಕ್ಷಣಕ್ಕೆ ತಕ್ಕ ಉತ್ತರ ಕಟ್ಟುವ ಜಾಣ್ಮೆ, ಇವೆಲ್ಲ ಬಾಯಿಪಾಠದಿಂದ ಬರುವಂಥವಲ್ಲ. ಮುಂಡಾಸು ಕಟ್ಟಲು ಕೂತ ಹುಡುಗನನ್ನೇ ನೋಡಿ. ಹುಲ್ಲಿನ ಅಟ್ಟೆಯ ಮೇಲೆ ಬಟ್ಟೆ ಸುತ್ತುತ್ತಾ, ಎರಡೂ ಬದಿ ಸಮನಾಗುವವರೆಗೆ ಬಿಚ್ಚಿ ಮತ್ತೆ ಕಟ್ಟುತ್ತಾನೆ. ಒಂದು ಎಳೆ ಸಡಿಲವಾದರೂ ದಿಗಿಣ ಹಾರಿದಾಗ ತಲೆಯಿಂದ ಜಾರುತ್ತದೆ. ಅಷ್ಟು ಹೊತ್ತು ಒಂದೇ ಕೆಲಸದಲ್ಲಿ ಮನಸ್ಸಿಡುವ ಮಗುವಿಗೆ ಗಣಿತದ ಲೆಕ್ಕ ಕೈಬಿಡುವ ಚಾಳಿ ಬರುವುದು ಕಷ್ಟ.

ಇಂಥ ಶಾಲೆಯನ್ನು ಅಳೆಯುವಾಗ ನಾವು ಎರಡು ಕಡೆ ಎಡವುತ್ತೇವೆ. ಎಷ್ಟು ಮಂದಿ ಮೇಳ ಸೇರಿದರು ಎಂದು ಎಣಿಸುವುದು ಒಂದು, ಎಸ್ಸೆಸ್ಸೆಲ್ಸಿಯಲ್ಲಿ ಎಷ್ಟು ಅಂಕ ಬಂತು ಎಂದು ಮಾತ್ರ ಕೇಳುವುದು ಇನ್ನೊಂದು. ಗುರುಕುಲದಲ್ಲಿದ್ದ ಹುಡುಗ ಮುಂದೆ ಮೇಷ್ಟರಾದರೂ ಬ್ಯಾಂಕಿಗೆ ಹೋದರೂ ಕೇಂದ್ರ ಸೋತಿಲ್ಲ. ಓದುವ ಹಂಬಲವಿದ್ದೂ ಮನೆಯ ಬಡತನದಿಂದ ಶಾಲೆ ಬಿಡಬೇಕಾಗಿದ್ದ ಮಗು ಹತ್ತನೇ ತರಗತಿ ದಾಟಿತೆಂದರೆ ಅದೇ ಕೇಂದ್ರದ ನಿಜವಾದ ಫಲಿತಾಂಶ.

ಈ ಬೀಜ ಬೇರೆಡೆಯೂ ಬಿತ್ತು. ಹೊನ್ನಾವರದ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು ಶ್ರೀಮಯ ಕಲಾಕೇಂದ್ರ ಕಟ್ಟಿದರು. ಉಡುಪಿಯಲ್ಲೇ 1975ರಲ್ಲಿ ಹುಟ್ಟಿದ ಯಕ್ಷಗಾನ ಕಲಾರಂಗ ಬಡ ವಿದ್ಯಾರ್ಥಿಗಳ ಓದಿಗೆ ನೆರವಾಗುವ ‘ವಿದ್ಯಾಪೋಷಕ್’ ಯೋಜನೆ ನಡೆಸುತ್ತಿದೆ. ಯಕ್ಷಶಿಕ್ಷಣ ಟ್ರಸ್ಟ್ ಹೈಸ್ಕೂಲುಗಳಿಗೇ ಗುರುಗಳನ್ನು ಕಳುಹಿಸುತ್ತದೆ. ವರ್ಷದ ಕೊನೆಗೆ ನಡೆಯುವ ಕಿಶೋರ ಯಕ್ಷಗಾನ ಸಂಭ್ರಮದಲ್ಲಿ ಗೆಜ್ಜೆ ಕಟ್ಟುವವರಲ್ಲಿ ಹುಡುಗಿಯರು ದೊಡ್ಡ ಸಂಖ್ಯೆಯಲ್ಲಿರುತ್ತಾರೆ, ಮುಸ್ಲಿಂ, ಕ್ರೈಸ್ತ ಮನೆಗಳ ಮಕ್ಕಳೂ ಇರುತ್ತಾರೆ. ಗಂಡಸರಷ್ಟೇ ವೇಷ ಕಟ್ಟುತ್ತಿದ್ದ ಕಲೆಯಲ್ಲಿ ಇದು ಒಂದೆರಡು ತಲೆಮಾರಿನಲ್ಲಾದ ಬದಲಾವಣೆ.

ಕೇಂದ್ರಕ್ಕೆ ನನ್ನ ವಿನಂತಿ ಒಂದಿದೆ. ಪ್ರತಿ ವಿದ್ಯಾರ್ಥಿಯ ಊರು, ಮನೆಮಾತು, ಕಲಿತ ವೇಷ, ಓದಿದ ತರಗತಿ, ಈಗಿನ ಉದ್ಯೋಗ ಇವಿಷ್ಟನ್ನು ಒಳಗೊಂಡ ಒಂದು ಪುಸ್ತಕ ಅಚ್ಚಾಗಬೇಕು. ಹಳೆಯ ವಿದ್ಯಾರ್ಥಿಗಳು ತಮ್ಮ ವಿವರ ತಾವೇ ಬರೆದುಕೊಟ್ಟು ಅದಕ್ಕೆ ನೆರವಾಗಬೇಕು. ಪೋಷಕರಿಗೂ ಒಂದು ಮಾತು: ಮಗು ಹತ್ತನೇ ತರಗತಿಗೆ ಬಂತೆಂದು ಅದರ ಗೆಜ್ಜೆ ಬಿಚ್ಚಿಸಬೇಡಿ.