ಮರ್ಸೆನ್ನನ ಸಂಖ್ಯೆಯೂ ಲ್ಯೂಕಾಸನ ಪರೀಕ್ಷೆಯೂ

ಒಂದರಿಂದಲೂ ತನ್ನಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗಿಸಲ್ಪಡದ, ಒಂದಕ್ಕಿಂತ ದೊಡ್ಡದಾದ ಸಂಖ್ಯೆಯು ಅವಿಭಾಜ್ಯವೆನಿಸುವುದಷ್ಟೆ. ಇಂತಹ ಸಂಖ್ಯೆಗಳಿಗೆ ಕೊನೆಯಿಲ್ಲವೆಂಬುದನ್ನು ಯೂಕ್ಲಿಡನೇ ಸಾಧಿಸಿದ್ದಾನೆ. ಆದರೆ ಎದುರಿಗಿರುವ ಒಂದು ಮಹಾಸಂಖ್ಯೆಯು ಅವಿಭಾಜ್ಯವೆಂದು ನಿರ್ಣಯಿಸುವುದು ಹೇಗೆ? ಈ ನಿರ್ಣಯವು ಆಪ್ತವಾಕ್ಯವನ್ನು ಬಿಟ್ಟು ಪರೀಕ್ಷೆಯನ್ನು ಆಶ್ರಯಿಸಿದ ಬಗೆಯನ್ನು ೨ರ ೧೨೭ನೆಯ ಘಾತದಲ್ಲಿ ಒಂದನ್ನು ಕಳೆದು ಬರುವ ಸಂಖ್ಯೆಯ ಚರಿತ್ರೆಯು ತೋರಿಸುತ್ತದೆ.

ಫ್ರಾನ್ಸ್ ದೇಶದ ಪಾದ್ರಿ ಮರ್ಸೆನ್ನನು ೧೬೪೪ರಲ್ಲಿ ಒಂದು ಪಟ್ಟಿಯನ್ನು ಪ್ರಕಟಿಸಿದನು. ೨ರ ಘಾತದಲ್ಲಿ ಒಂದನ್ನು ಕಳೆದರೆ, ೨೫೭ರವರೆಗಿನ ಘಾತಗಳಲ್ಲಿ ೨, ೩, ೫, ೭, ೧೩, ೧೭, ೧೯, ೩೧, ೬೭, ೧೨೭, ೨೫೭ ಎಂಬ ಹನ್ನೊಂದಕ್ಕೆ ಮಾತ್ರ ಅವಿಭಾಜ್ಯವು ದೊರೆಯುವುದೆಂದು ಅವನ ಮತ. ಇದಕ್ಕೆ ಅವನು ಉಪಪತ್ತಿಯನ್ನು ಕೊಡಲಿಲ್ಲ. ೩೧ನೆಯ ಘಾತದ ವಿಷಯವನ್ನು ಆಯ್ಲರನು ೧೭೭೨ರಲ್ಲಿ ಸ್ಥಾಪಿಸಿದನು. ೧೨೭ನೆಯದಾದರೋ ೩೯ ಅಂಕಗಳುಳ್ಳದ್ದು: ೧೭೦,೧೪೧,೧೮೩,೪೬೦,೪೬೯,೨೩೧,೭೩೧,೬೮೭,೩೦೩,೭೧೫,೮೮೪,೧೦೫,೭೨೭. ಇದರ ವರ್ಗಮೂಲವೇ ೨೦ ಅಂಕಗಳಷ್ಟು ದೊಡ್ಡದಾದುದರಿಂದ, ಅಲ್ಲಿಯವರೆಗಿನ ಭಾಜಕಗಳನ್ನು ಒಂದೊಂದಾಗಿ ಪರೀಕ್ಷಿಸುವುದು ಮನುಷ್ಯನ ಆಯುಷ್ಯಕ್ಕೆ ಮೀರಿದ ಕೆಲಸ.

ಎದುವಾರ್ ಲ್ಯೂಕಾಸನು ಭಾಜಕಗಳನ್ನು ಹುಡುಕದೆಯೇ ೧೮೭೬ರಲ್ಲಿ ಈ ಸಂಖ್ಯೆಯ ಅವಿಭಾಜ್ಯತೆಯನ್ನು ನಿರ್ಣಯಿಸಿದನು. ಅವನ ವಿಧಾನವನ್ನು ಲೆಹ್ಮರನು ೧೯೩೦ರಲ್ಲಿ ಪರಿಷ್ಕರಿಸಿದನು. ಅದರಂತೆ ೪ರಿಂದ ಮೊದಲುಮಾಡಿ, ಪ್ರತಿಯೊಂದು ಪದವನ್ನೂ ವರ್ಗಿಸಿ ೨ನ್ನು ಕಳೆಯುತ್ತ ಹೋಗಬೇಕು: ೪, ೧೪, ೧೯೪ ಇತ್ಯಾದಿ. ಘಾತವು ಬೆಸ ಅವಿಭಾಜ್ಯವಾಗಿದ್ದು, ಅದಕ್ಕಿಂತ ಒಂದು ಕಡಿಮೆಯಾದ ಸ್ಥಾನದ ಪದವು ಪರೀಕ್ಷ್ಯ ಸಂಖ್ಯೆಯಿಂದ ನಿಶ್ಶೇಷವಾಗಿ ಭಾಗಿಸಲ್ಪಟ್ಟರೆ ಅದು ಅವಿಭಾಜ್ಯ, ಇಲ್ಲವಾದರೆ ಅಲ್ಲ. ಘಾತ ೫ ಆದಾಗ ಸಂಖ್ಯೆ ೩೧. ೧೯೪ನ್ನು ೩೧ರಿಂದ ಭಾಗಿಸಿದರೆ ಶೇಷ ೮; ಅದರ ವರ್ಗದಲ್ಲಿ ೨ನ್ನು ಕಳೆದರೆ ೬೨; ಇದು ೩೧ರ ಇಮ್ಮಡಿ. ೧೨೭ನೆಯ ಘಾತಕ್ಕಾದರೋ ೧೨೬ನೆಯ ಪದವನ್ನು ನೋಡಿದರೆ ಸಾಕು.

ಈ ಶ್ರೇಣಿಯು ಭಾರತೀಯ ಗಣಿತಜ್ಞರಿಗೆ ಅಪರಿಚಿತವಾದುದಲ್ಲ. ಬ್ರಹ್ಮಗುಪ್ತನು ೬೨೮ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ವರ್ಗಪ್ರಕೃತಿಯ ಭಾವನೆಯನ್ನು ನಿರೂಪಿಸಿದ್ದಾನೆ. ಪ್ರಕೃತಿ ೩, ಕ್ಷೇಪ ೧ ಆದಾಗ ಕನಿಷ್ಠಮೂಲ ೧, ಜ್ಯೇಷ್ಠಮೂಲ ೨. ಇವನ್ನು ತಮ್ಮೊಡನೆಯೇ ಭಾವಿಸಿದರೆ ೪ ಮತ್ತು ೭, ಮತ್ತೊಮ್ಮೆ ಭಾವಿಸಿದರೆ ೫೬ ಮತ್ತು ೯೭ ಬರುತ್ತವೆ. ೨, ೭, ೯೭ ಎಂಬ ಜ್ಯೇಷ್ಠಮೂಲಗಳನ್ನು ಇಮ್ಮಡಿಸಿದರೆ ೪, ೧೪, ೧೯೪ ಎಂಬ ಶ್ರೇಣಿಯೇ ದೊರೆಯುತ್ತದೆ. ಇದರಿಂದ ಬ್ರಹ್ಮಗುಪ್ತನಿಗೆ ಅವಿಭಾಜ್ಯಪರೀಕ್ಷೆಯು ತಿಳಿದಿತ್ತೆಂದು ಹೇಳುವುದು ಯುಕ್ತವಲ್ಲ. ಎರಡೆಡೆಯಲ್ಲಿಯೂ ಕ್ರಿಯೆ ಒಂದೇ ಎಂದಷ್ಟೇ ಗ್ರಹಿಸತಕ್ಕದ್ದು.

ಪರೀಕ್ಷೆಯ ಮುಂದೆ ಮರ್ಸೆನ್ನನ ಪಟ್ಟಿಯು ಪೂರ್ಣವಾಗಿ ನಿಲ್ಲಲಿಲ್ಲ. ೬೭ ಮತ್ತು ೨೫೭ ಅದರಲ್ಲಿ ಸೇರತಕ್ಕವಲ್ಲ. ೬೧, ೮೯, ೧೦೭ ಎಂಬಿವು ಬಿಟ್ಟುಹೋಗಿದ್ದವು. ೬೭ನೆಯ ಘಾತದ ಸಂಖ್ಯೆಯು ಅವಿಭಾಜ್ಯವಲ್ಲವೆಂದು ಲ್ಯೂಕಾಸನು ೧೮೭೬ರಲ್ಲಿಯೇ ತಿಳಿಸಿದ್ದರೂ, ಕೋಲ್ ಎಂಬ ಅಮೆರಿಕದ ಗಣಿತಜ್ಞನು ಅದರ ಭಾಜಕಗಳಾದ ೧೯೩,೭೦೭,೭೨೧ ಮತ್ತು ೭೬೧,೮೩೮,೨೫೭,೨೮೭ ಎಂಬಿವನ್ನು ತೋರಿಸಿದ್ದು ೧೯೦೩ರಲ್ಲಿ. ೧೨೭ರ ವಿಷಯದಲ್ಲಿ ಮರ್ಸೆನ್ನನ ಮಾತು ನಿಜವೇ ಆಯಿತು. ಆದರೆ ಅದನ್ನು ನಿಜವೆಂದು ಅರಿಯಲು ೨೩೨ ವರ್ಷಗಳು ಬೇಕಾದುವು. ನಿಜವನ್ನು ನುಡಿಯುವುದೇ ಬೇರೆ, ಅದನ್ನು ಸಾಧಿಸುವುದೇ ಬೇರೆ.

೧೯೫೧ರವರೆಗೆ ತಿಳಿದಿದ್ದ ಅವಿಭಾಜ್ಯಗಳಲ್ಲಿ ಲ್ಯೂಕಾಸನ ಸಂಖ್ಯೆಯೇ ದೊಡ್ಡದಾಗಿತ್ತು. ೨೦೨೪ರಲ್ಲಿ ಪ್ರಕಟವಾದ, ೨ರ ೧೩೬,೨೭೯,೮೪೧ನೆಯ ಘಾತಕ್ಕೆ ಸಂಬಂಧಿಸಿದ ಅವಿಭಾಜ್ಯದಲ್ಲಿ ೪೧,೦೨೪,೩೨೦ ಅಂಕಗಳಿವೆ. ಅಲ್ಲಿ ಗಣನೆಯನ್ನು ಮಾಡಿದ್ದು ಯಂತ್ರ. ಆದರೂ ಅದನ್ನು ದೃಢಪಡಿಸಿದ್ದು ೪ರಿಂದ ಮೊದಲಾಗುವ ಈ ಪರೀಕ್ಷೆಯೇ.