ಆಂಗ್ಲದೇಶದ ಅರೆಪೆನ್ನಿ, ಕಾಲುಪೆನ್ನಿಗಳು

13ನೆಯ ಶತಮಾನದ ಉತ್ತರಾರ್ಧದವರೆಗೂ ಇಂಗ್ಲೆಂಡಿನ ಪ್ರಜೆಗಳ ಕೈಯಲ್ಲಿ ಸಾಮಾನ್ಯವಾಗಿ ಸಲ್ಲುತ್ತಿದ್ದ ನಾಣ್ಯವು ಒಂದೇ. ಅದು ಸುತ್ತಿಗೆಯಿಂದ ಹೊಡೆದು ಟಂಕಿಸಿದ ಬೆಳ್ಳಿಯ ಪೆನ್ನಿ. 12 ಪೆನ್ನಿಗೆ ಒಂದು ಷಿಲ್ಲಿಂಗು, 240 ಪೆನ್ನಿಗೆ ಒಂದು ಪೌಂಡು ಎಂಬುದು ಲೆಕ್ಕದ ಮಾತೇ ಹೊರತು ಅವು ನಾಣ್ಯರೂಪದಲ್ಲಿ ಇರಲಿಲ್ಲ. ಕೂಲಿಯಾಳಿನ ದಿನದ ವೇತನವೇ ಒಂದೆರಡು ಪೆನ್ನಿಗಳಾಗಿದ್ದ ಆ ಕಾಲದಲ್ಲಿ ಬಡವನು ಒಂದು ರೊಟ್ಟಿಯನ್ನು ಕೊಳ್ಳುವ ಬಗೆ ಹೇಗೆ? ಪೆನ್ನಿಯನ್ನೇ ಎರಡಾಗಿಯೋ ನಾಲ್ಕಾಗಿಯೋ ಕತ್ತರಿಸುವುದೇ ಇದಕ್ಕೆ ಕಂಡುಕೊಂಡ ಉಪಾಯವಾಗಿತ್ತು. ಕಾಲುಭಾಗಕ್ಕೆ ಫಾರ್ದಿಂಗ್ ಎಂದು ಹೆಸರು. ‘ನಾಲ್ಕನೆಯ ಪಾಲು’ ಎಂಬುದೇ ಆ ಶಬ್ದದ ಮೂಲಾರ್ಥ. ಆ ಶತಮಾನದ ರಾಜಶಾಸನದಂತೆ ಫಾರ್ದಿಂಗ್ ರೊಟ್ಟಿಯ ಬೆಲೆಯು ಸ್ಥಿರವಾಗಿದ್ದು, ಗೋದಿಯ ಧಾರಣೆಗೆ ತಕ್ಕಂತೆ ಅದರ ತೂಕವು ಏರಿಳಿಯುತ್ತಿದ್ದಿತು.

ನಾಣ್ಯದ ಹಿಂಬದಿಯಲ್ಲಿ ಅಂಚಿನವರೆಗೂ ಚಾಚಿರುವ ಶಿಲುಬೆಯನ್ನು ಕತ್ತರಿಸುವವರ ಅನುಕೂಲಕ್ಕಾಗಿಯೇ ಕಲ್ಪಿಸಿದರೆಂದು ಹಲವರು ಹೇಳುವುದುಂಟು. ಈ ಮತವು ವಿಚಾರಕ್ಕೆ ನಿಲ್ಲಲಾರದು. ಇವರು ಹೇಳುವ ಶಿಲುಬೆಯು 3ನೆಯ ಹೆನ್ರಿಯು 1247ರಲ್ಲಿ ಹೊರಡಿಸಿದ ನಾಣ್ಯದ್ದು. ಅದಕ್ಕೆ ಮುಂಚೆ, 1180ರಿಂದ ಸಲ್ಲುತ್ತಿದ್ದ ಪೆನ್ನಿಗಳಲ್ಲಿ ಶಿಲುಬೆಯು ಒಳವೃತ್ತವನ್ನು ದಾಟುತ್ತಿರಲಿಲ್ಲ. ಆದರೂ ಅವುಗಳ ತುಂಡುಗಳು ಹೇರಳವಾಗಿ ದೊರೆತಿವೆ. 1016ರಲ್ಲಿ ಮೃತನಾದ ಎಥೆಲ್‌ರೆಡ್ ರಾಜನ ಪೆನ್ನಿಗಳ ತುಂಡುಗಳೂ ಉಂಟು. ಆದುದರಿಂದ ಕತ್ತರಿಸುವ ರೂಢಿಯೇ ಪ್ರಾಚೀನವಾದುದು. ಶಿಲುಬೆಯನ್ನು ಅಂಚಿಗೆ ಮುಟ್ಟಿಸಿದ ಉದ್ದೇಶವೇ ಬೇರೆ: ಯಾರಾದರೂ ಅಂಚನ್ನು ಕತ್ತರಿಸಿ ಬೆಳ್ಳಿಯನ್ನು ಕದ್ದರೆ ಶಿಲುಬೆಯ ತುದಿಗಳು ಕಾಣೆಯಾಗಿ ಮೋಸವು ಬಯಲಾಗಬೇಕು.

ಪಾಲು ಮಾಡುವುದು ಬೇರೆ, ಅಂಚನ್ನು ಅಪಹರಿಸುವುದು ಬೇರೆ. ಮೊದಲನೆಯದರಲ್ಲಿ ಬೆಳ್ಳಿಯು ನಷ್ಟವಾಗದೆ ಹಂಚಿಹೋಗುತ್ತದೆ, ಎರಡನೆಯದು ಚೌರ್ಯ. ಈ ಚೌರ್ಯದ ಆರೋಪದ ಮೇಲೆ 1278ರಲ್ಲಿ ಯೆಹೂದ್ಯರನ್ನು ನೂರಾರು ಸಂಖ್ಯೆಯಲ್ಲಿ ಸೆರೆಹಿಡಿದು, ಅವರಲ್ಲಿ ಬಹುಮಂದಿಯನ್ನು ಗಲ್ಲಿಗೇರಿಸಿದರು. ಅದೇ ಆರೋಪಕ್ಕೆ ಗುರಿಯಾದ ಕ್ರೈಸ್ತರಲ್ಲಿ ಮರಣದಂಡನೆಯನ್ನು ಹೊಂದಿದವರು ಕೆಲವರು ಮಾತ್ರ. ಅಪರಾಧವು ಒಂದೇ ಆಗಿದ್ದರೂ ದಂಡನೆಯು ಸಮನಾಗಿರಲಿಲ್ಲವೆಂಬುದನ್ನು ಚರಿತ್ರಕಾರನು ಮರೆಯಲಾಗದು.

ದುಂಡಾದ ಸಣ್ಣ ನಾಣ್ಯಗಳನ್ನು ಹೊರಡಿಸುವ ಯತ್ನವು 1222ರಲ್ಲಿಯೇ ನಡೆದಿದ್ದರೂ ನೆಲೆಗೊಳ್ಳಲಿಲ್ಲ. 1ನೆಯ ಎಡ್ವರ್ಡನು 1279ರಲ್ಲಿ ಕಾಲುಪೆನ್ನಿಯನ್ನೂ 1280ರಲ್ಲಿ ಅರೆಪೆನ್ನಿಯನ್ನೂ ದುಂಡಾಗಿ ಟಂಕಿಸಿದ ಬಳಿಕ ಕತ್ತರಿಸುವ ರೂಢಿಯು ನಿಂತುಹೋಯಿತು. ಇಂದು ತುಂಡುಗಳ ಮೇಲೆ ಟಂಕಕಾರನ ಹೆಸರು ಅರ್ಧ ಮಾತ್ರ ಉಳಿದಿರುತ್ತದೆ. ಆದರೂ ಅರಸರ ಚರಿತ್ರೆಯಲ್ಲಿ ಕಾಣದ ಬಡವರ ಸಂತೆಯನ್ನು ಆ ಅರ್ಧಾಕ್ಷರಗಳೇ ನಮಗೆ ತೋರಿಸುತ್ತವೆ.