ಹಾಲಿಗೆ ಬಿದ್ದ ಮಜ್ಜಿಗೆ

ವ್ಯಾಕರಣ ಹೇಳಿಕೊಡುವವನ ಪಾಪವು ಅವನ ಶಿಷ್ಯರ ಬರೆಹದಲ್ಲಿ ಫಲಿಸುತ್ತದೆ. ಅರಿಸಮಾಸ, ಎಂದರೆ ಕನ್ನಡ ಸಂಸ್ಕೃತಗಳನ್ನು ಕೂಡಿಸುವ ‘ಶತ್ರುಸಮಾಸ’, ಮಹಾದೋಷವೆಂದು ನಾನು ತರಗತಿಯಲ್ಲಿ ಮುಕ್ಕಾಲು ಗಂಟೆ ಗುಡುಗಿದ್ದೆ. ಮರುವಾರ ಹಳ್ಳಿಯಿಂದ ಬಂದ ಹುಡುಗನೊಬ್ಬ ತನ್ನೂರಿನ ಮಳೆಯ ಮೇಲೆ ಪ್ರಬಂಧ ಬರೆದು ತಂದ. ಅದರ ತುಂಬ ‘ವರ್ಷಾಕಾಲ’. ಒಂದು ಹನಿ ಮಳೆಯಿಲ್ಲ!

“ಮಳೆಗಾಲ ಎಂದು ಬರೆಯಬಾರದೇನಯ್ಯಾ?” ಎಂದೆ.

“ಮಳೆ ಕನ್ನಡ, ಕಾಲ ಸಂಸ್ಕೃತ. ಅರಿಸಮಾಸ ಆಗ್ತದಲ್ಲ ಸಾರ್?” ಎಂದ.

ಗುರುವಿನ ಬಾಣ ಗುರುವಿಗೇ ತಗಲಿತು. ಹಿರಿಯರನ್ನೇ ಕೇಳೋಣವೆಂದು ಹಳೆಯ ಗ್ರಂಥಗಳನ್ನು ತೆರೆದೆ.

ಈ ಜಗಳಕ್ಕೆ ಸಾವಿರ ವರ್ಷಕ್ಕೂ ಮಿಕ್ಕ ವಯಸ್ಸು. 9ನೆಯ ಶತಮಾನದಲ್ಲಿ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು, ಹದವರಿಯದೆ ಎರಡು ನುಡಿಗಳನ್ನು ಸಮಾಸದಲ್ಲಿ ಬೆರಸುವುದನ್ನು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬಿದ್ದುದಕ್ಕೆ ಹೋಲಿಸಿತು. ಇದಕ್ಕೆ ವ್ಯಾಖ್ಯಾನ ಬೇಡ. ಅಡುಗೆಮನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ಕನ್ನಡದ ದೇಸಿಗಳು ಬಗೆಬಗೆಯಾಗಿರುವುದರಿಂದ ಸರ್ಪರಾಜ ವಾಸುಕಿಗೂ ಅವನ್ನು ಅರಿಯಲಾರದೆ ಬೇಸರ ಬಂದೀತೆಂದು ಒಪ್ಪಿಕೊಳ್ಳುವುದೂ ಅದೇ ಗ್ರಂಥ. ನಿಯಮ ಮಾಡುವವನಿಗೆ ಈ ವಿನಯ ಭೂಷಣ.

ಮುಳುಗುಂದದ ನಯಸೇನನು 1112ರ ‘ಧರ್ಮಾಮೃತ’ದಲ್ಲಿ ಇನ್ನೂ ಖಾರವಾಗಿ ನುಡಿದ. ಸಂಸ್ಕೃತ ಬೇಕಾದವನು ಸಂಸ್ಕೃತದಲ್ಲೇ ಹೇಳಲಿ. ಅಚ್ಚಗನ್ನಡದಲ್ಲಿ ಅದನ್ನು ತಂದಿಕ್ಕುವುದು ತುಪ್ಪಕ್ಕೆ ಎಣ್ಣೆ ಬೆರಸಿದಂತೆ ಎಂಬುದು ಅವನ ವಾದ. ವಾದವೇನೋ ಸೊಗಸು. ಆದರೆ ಆ ಪದ್ಯದಲ್ಲಿ ತುಪ್ಪವು ‘ಘೃತ’, ಎಣ್ಣೆಯು ‘ತೈಲ’! ಬೆರಕೆ ಬೇಡವೆಂದ ಬಾಯಲ್ಲೇ ಬೆರಕೆ. ಇದು ಕಾಲುಜಾರಿದ್ದೋ, ಕಣ್ಣುಮಿಟುಕಿಸಿದ್ದೋ, ಓದುಗರೇ ತೀರ್ಮಾನಿಸಲಿ.

ಸುಮಾರು 1260ರಲ್ಲಿ ‘ಶಬ್ದಮಣಿದರ್ಪಣ’ವನ್ನು ರಚಿಸಿದ ಕೇಶಿರಾಜನು ಅರಿಸಮಾಸವನ್ನು ದೋಷವೆಂದೇ ಎಣಿಸಿದ. ಆದರೆ ಬಿರುದಾವಳಿಗೂ ಹಿಂದಿನ ಕವಿಗಳ ಪ್ರಯೋಗಕ್ಕೂ ರಿಯಾಯಿತಿ ಕೊಟ್ಟ. ಬಿರುದು ಹೊತ್ತ ಅರಸನೊಡನೆ ವ್ಯಾಕರಣದ ಜಗಳವಾಡುವುದು ಕ್ಷೇಮವಲ್ಲವಷ್ಟೆ!

ಈ ಮೂವರನ್ನು ಓದಿ ಮುಗಿಸಿದಾಗ ನನಗೆ ಹೊಳೆದದ್ದಿಷ್ಟು: ಅವರು ಕಾದದ್ದು ಕಿವಿಯ ಹದವನ್ನು, ನಾನು ತರಗತಿಯಲ್ಲಿ ಹಂಚಿದ್ದು ಭಯವನ್ನು. ‘ಮಳೆ’ಯೊಡನೆ ಕೂಡುವಾಗ ಸಂಸ್ಕೃತದ ‘ಕಾಲ’ವು ತನ್ನ ಕಕಾರವನ್ನು ಬಿಟ್ಟು, ಕನ್ನಡದ ಆದೇಶಸಂಧಿಗೆ ತಲೆಬಾಗಿ ‘ಗಾಲ’ವಾಯಿತು. ಮನೆಯ ರೀತಿಗೆ ಹೊಂದಿಕೊಂಡ ನೆಂಟನನ್ನು ಇನ್ನೂ ಶತ್ರುವೆನ್ನುವುದು ನ್ಯಾಯವಲ್ಲ.

ಹುಡುಗನನ್ನು ಕರೆದು, ಕೆಂಪು ಶಾಯಿಯಿಂದ ‘ವರ್ಷಾಕಾಲ’ವನ್ನು ಹೊಡೆದು ‘ಮಳೆಗಾಲ’ ಎಂದು ಬರೆದೆ. “ತಪ್ಪು ನನ್ನದು, ಇನ್ನೊಮ್ಮೆ ಬರೆದು ತಾ” ಎಂದೆ.

ಎರಡನೆಯ ಪ್ರಬಂಧದಲ್ಲಿ ಕಾಗುಣಿತದ ತಪ್ಪು ನಾಲ್ಕಿದ್ದವು. ಮಳೆ ಮಾತ್ರ ಚೆನ್ನಾಗಿ ಸುರಿದಿತ್ತು.